ಬೆಟ್ಟದ ಮೇಲೆ ಬಯಲಿನ ಲೆಕ್ಕ

ಕರಿಗುಡ್ಡ ದ್ವೀಪ
ಕ್ರಿ.ಶ. 2512, ಉಬ್ಬುಮಾಸದ ಮೂವತ್ತೆಂಟನೆಯ ದಿನ

ಶತಮಾನಗಳ ಹಿಂದಿನ ಹಿರಿಯರಾದ ನಿಮಗೆ ಅಳತೆಮನೆಯ ಗಂಗಮಾಳವ್ವನ ನಮಸ್ಕಾರಗಳು.

ತಿಂಗಳಿಗೆ ಮೂವತ್ತೆಂಟು ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ನೆಲ ಉಬ್ಬತೊಡಗಿದ ದಿನ ನಮಗೆ ಈ ತಿಂಗಳು ಹುಟ್ಟುತ್ತದೆ, ಉಬ್ಬು ಇಳಿಯುವವರೆಗೆ ಮುಗಿಯುವುದಿಲ್ಲ. ಈ ಸಲ ಇಳಿಯುವ ಲಕ್ಷಣವಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ತಿದ್ದಿ ಬರೆಯುವಷ್ಟು ಪುರಸೊತ್ತು ಉಳಿದಿಲ್ಲ.

ರಾಯಚೂರು ಸೀಮೆಯ ಬಯಲಿನಿಂದ ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಈ ಬೆಂಕಿಬೆಟ್ಟದ ದ್ವೀಪಕ್ಕೆ ಬಂದಾಗ ನಿಮ್ಮ ಕಾಲದ ಒಂದು ಕೈಪಿಡಿಯನ್ನೂ ತಂದರು. ನೆಲ ಎಲ್ಲೆಲ್ಲಿ ಎಷ್ಟು ಉಬ್ಬಿದೆಯೆಂದು ಅಳೆದರೆ, ಕೆಳಗಿನ ಕರಗಿದ ಕಲ್ಲು ಎಷ್ಟು ಆಳದಲ್ಲಿದೆಯೆಂದು ತಿಳಿಯುವ ಲೆಕ್ಕ ಅದರಲ್ಲಿದೆ. ಬೆಟ್ಟದ ಸುತ್ತ ನಾವು ನೀರುಗೊಳವೆಗಳನ್ನು ಹಾಸಿದ್ದೇವೆ. ನೆಲ ವಾಲಿದರೆ ಅವುಗಳ ಒಂದು ತುದಿಯಲ್ಲಿ ನೀರು ಏರುತ್ತದೆ. ಪ್ರತಿ ಯುಗಾದಿಯಂದು ಬೇವು ಬೆಲ್ಲ ಹಂಚುವ ಮೊದಲು ಅಳತೆಮನೆಯವರು ಕಟ್ಟೆಯ ಮೇಲೆ ನಿಂತು ಆ ಆಳವನ್ನು ಊರಿಗೆಲ್ಲ ಓದಿ ಹೇಳಬೇಕು. ಅದನ್ನು ಕೇಳಿದ ಮೇಲೆಯೇ ಹೊಸ ಮನೆಗಳಿಗೆ ಪಾಯ ತೆಗೆಯುವುದು. ಇಪ್ಪತ್ತಾರು ವರ್ಷ ನಾನೇ ಓದಿದೆ: ಒಂಬತ್ತು ಕಿಲೋಮೀಟರ್, ಹೆದರಬೇಡಿ.

ಆ ಲೆಕ್ಕ ನೆಲ ಚಪ್ಪಟೆಯಾಗಿದೆ ಎಂದುಕೊಂಡು ಮಾಡಿದ್ದು. ಬಯಲಿನಿಂದ ಬಂದವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ದಿನವೂ ಏದುಸಿರು ಬಿಡುತ್ತ ಬೆಟ್ಟ ಹತ್ತುವ ನನಗೂ ಕಾಣಲಿಲ್ಲ ನೋಡಿ, ನನ್ನ ಬುದ್ಧಿಗಿಷ್ಟು. ಕಡಿದಾದ ಬೆಟ್ಟದಲ್ಲಿ ಉಬ್ಬು ತುದಿಯಲ್ಲಿ ಎದ್ದು ಕಾಣುವುದಿಲ್ಲ, ಇಳಿಜಾರಿನುದ್ದಕ್ಕೂ ತೆಳ್ಳಗೆ ಹರಡುತ್ತದೆ. ಅಷ್ಟಗಲ ಹರಡಿದ್ದನ್ನು ಕಂಡು ನಾವು ಬೆಂಕಿ ಬಹಳ ಆಳದಲ್ಲಿದೆಯೆಂದು ತಿಳಿದೆವು. ಹೋದ ವಾರ ಇಳಿಜಾರನ್ನೂ ಸೇರಿಸಿ ಲೆಕ್ಕ ಹಾಕಿದೆ. ಎರಡೂವರೆ ಕಿಲೋಮೀಟರ್ ಬಂತು. ಮತ್ತೆ ಹಾಕಿದೆ, ಅಷ್ಟೇ ಬಂತು.

ಇದ್ದದ್ದು ನಾಲ್ಕೇ ದೋಣಿ. ಮಕ್ಕಳನ್ನೂ ತಾಯಂದಿರನ್ನೂ ಕಳಿಸಿದೆವು. ದಡ ಮುಟ್ಟಿದರೋ ಇಲ್ಲವೋ ಗೊತ್ತಿಲ್ಲ. ಕೊನೆಯ ದೋಣಿಯಲ್ಲಿ ನನ್ನ ತಂಗಿ ಶಾಂಭವಿಗೆ ಒಂದು ಜಾಗ ಹಿಡಿದಿದ್ದೆ. ಇದೇ ಯುಗಾದಿಯ ನಂತರ ಮೂಡಲ ಇಳಿಜಾರಿನಲ್ಲಿ ಮನೆ ಕಟ್ಟಿಸಿದವಳು ಅವಳು. ಕೈಮುಗಿದು ಕರೆದೆ.

"ನೀನ ಹೇಳಿದ್ದಿಲ್ಲೇನಕ್ಕ, ಭಾಳ ಆಳದಾಗ ಐತಿ ಅಂತ. ಅದನ್ನ ಕೇಳೇ ಪಾಯ ತೆಗಿಸೀನಿ. ಈಗ ನಿನ್ನ ಯಾವ ಮಾತು ನಂಬಲಿ?"

ಅವಳು ಹತ್ತಲಿಲ್ಲ. ದೋಣಿ ಹೋಯಿತು.

ಆ ಕೈಪಿಡಿ ಬರೆಯಲಿರುವವರು ನಿಮ್ಮಲ್ಲೇ ಯಾರೋ ಇದ್ದೀರಿ. ನೆಲ ಚಪ್ಪಟೆ ಎಂದುಕೊಳ್ಳೋಣ ಎಂಬ ಸಾಲು ಬರೆಯುವ ಮುನ್ನ ಒಮ್ಮೆ ಯಾವುದಾದರೂ ಬೆಟ್ಟ ಹತ್ತಿ ಬನ್ನಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಈ ಪತ್ರ ನಿಮಗೆ ತಲುಪಿದ್ದರೆ ಪುಸ್ತಕದಲ್ಲಿ ಆ ಸಾಲು ಇರುತ್ತಿರಲಿಲ್ಲ. ಈಗಷ್ಟೇ ತೆರೆದು ನೋಡಿದೆ. ಇದೆ.

ಇನ್ನು ಹೊರಡುತ್ತೇನೆ. ಶಾಂಭವಿ ಹೊಸ ಮನೆಗೆ ಊಟಕ್ಕೆ ಕರೆದಿದ್ದಾಳೆ.