ಅರ್ಧ ಲೋಟ ಟೀ

ಖಲೀಮುಲ್ಲಾ,

ನಿನ್ನ ಗೋರಿಗೆ ಮಣ್ಣು ಹಾಕಿ ಬಂದ ಮೇಲೆ ಇವತ್ತೇ ಮೊದಲ ಸಲ ಚಲಪತಿಯ ಟೀ ಅಂಗಡಿಗೆ ಹೋಗಿದ್ದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನ ಎದುರು, ಇಪ್ಪತ್ತು ವರ್ಷ ಒಂದು ಟೀಯನ್ನು ಎರಡು ಲೋಟಕ್ಕೆ ಹಾಕಿಸಿ ನಾವಿಬ್ಬರೂ ಬೈಟು ಕುಡಿದ ಅದೇ ಬೆಂಚು.

ಹೋದ ವರ್ಷ ಬಾಡಿಗೆ, ಸಿಲಿಂಡರು, ಮಗಳ ಫೀಸು ಎಲ್ಲವೂ ಏರಿದವು. ನಾನು ಬಿಡಬಹುದಾಗಿದ್ದು ಟೀ ಒಂದೇ. ಅದನ್ನು ಹೇಳಲು ನಾಚಿಕೆಯಾಗಿ, ಗ್ಯಾಸ್ಟ್ರಿಕ್, ಡಾಕ್ಟರು ಬೇಡ ಅಂದಿದ್ದಾರೆ ಎಂದೆ. ನೀನು ನಂಬಿದೆ. ಮಾರನೆಯ ದಿನವೇ ನಿನ್ನ ಹೆಂಡತಿ ಹುರಿದು ಕೊಟ್ಟ ಜೀರಿಗೆಯ ಪೊಟ್ಟಣ ನನಗೆ ತಂದುಕೊಟ್ಟೆ. ಅದನ್ನು ನಮ್ಮ ಮನೆಯಲ್ಲಿ ಸಾರಿಗೆ ಹಾಕಿ ಮುಗಿಸಿದೆವು.

ಇವತ್ತು ಚಲಪತಿ ಹೇಳಿದ: "ನೀವು ಬಿಟ್ಮೇಲೂ ಸಾಬ್ರು ದಿನಾ ಬರ್ತಿದ್ರು ಕಣಣ್ಣ. ಫುಲ್ ಟೀ ತಗೊಳಿ ಅಂದ್ರೆ, ಈಗಿನ ರೇಟಲ್ಲಿ ಒಬ್ಬನಿಗೆ ಅಷ್ಟು ಯಾಕಪ್ಪ ಅನ್ನೋರು. ಬೈಟುಗೆ ಯಾರಾದ್ರೂ ಸಿಕ್ತಾರೇನೋ ಅಂತ ಕೂತು ನೋಡೋರು. ಸಿಗದಿದ್ರೆ ನೀರು ಕುಡ್ದು ಹೋಗೋರು."

"ನನ್ನನ್ನ ಕರೀಬೋದಿತ್ತಲ್ಲೋ" ಎಂದೆ.

"ನಾನೂ ಹೇಳ್ದೆ ಕಣಣ್ಣ. ಕರೆದ್ರೆ ಅವನಿಗೆ ಆಸೆ ಆಗುತ್ತೆ, ಪಾಪ, ಹೊಟ್ಟೆ ಸರಿ ಇಲ್ಲ ಅಂದ್ರು ಸಾಬ್ರು."

ನಾನು ಅಲ್ಲೇ ಕೂತಿದ್ದೆ. ಗೂಡು ಮಾರಲು ಬಂದಿದ್ದ ಯಾರೋ ಒಬ್ಬರು ಬೆಂಚಿನ ಆ ತುದಿಯಲ್ಲಿ, ನಿನ್ನ ಜಾಗದಲ್ಲಿ ಕೂತು, "ಅಣ್ಣ, ಬೈಟು ಹೇಳ್ಲಾ?" ಎಂದರು.

"ಬೇಡಪ್ಪ, ಗ್ಯಾಸ್ಟ್ರಿಕ್" ಎಂದೆ.