ಮಲ್ಪೆಯಲ್ಲಿ ಉಟ್ಟ ಲುಂಗಿ

ಮಲ್ಪೆ, ೧೪-೨-೧೯೬೨

ಅಕ್ಕ, ನಿನ್ನ ತಮ್ಮನ ಶರಣು. ಡಾಕ್ಟರು ಹೇಳಿದ ಉಪ್ಪುನೀರಿನ ಸ್ನಾನದಿಂದ ಮಂಡಿನೋವು ಇಳಿದಿದೆ. ಆದರೆ ನಿನ್ನೆ ಮಾನ ಹೋಯಿತು. ಹರಿಹರದ ಹೊಳೆ ಮೆಟ್ಟಿಲ ಮೇಲೆ ಇಡುವ ಹಾಗೆ ಪಂಚೆ, ಅಂಗಿ, ಟವೆಲು ಎಲ್ಲ ನೀರಂಚಿನಲ್ಲೇ ಮಡಿಸಿಟ್ಟು ಸಮುದ್ರಕ್ಕಿಳಿದೆ. ನೀರು ದಡ ಏರಿ ಬರುತ್ತದೆಂದು ಹೊಳೆಯವರಿಗೇನು ಗೊತ್ತು! ತಿರುಗಿ ನೋಡಿದರೆ ಒಂದು ಬಟ್ಟೆಯೂ ಇಲ್ಲ. ಪಟ್ಟಣದ ಹೆಂಗಸರು, ಮಕ್ಕಳೆಲ್ಲ ಗಾಳಿ ಸೇವನೆಗೆ ಬಂದಿದ್ದಾರೆ. ದಾವಣಗೆರೆಯ ಜವಳಿ ವ್ಯಾಪಾರಿ ನಾನು, ಲಂಗೋಟಿಯಲ್ಲಿ ಕುತ್ತಿಗೆವರೆಗೂ ಮುಳುಗಿ ಕೂತೆ.

ಕೊನೆಗೆ, “ತಾಯೀ, ಏನಾರ ಬಟ್ಟೆ ಇದ್ರೆ ಕೊಡ್ರಿ, ಮಾನ ಹೋಗ್ತೈತೆ” ಎಂದು ಅಂಗಲಾಚಿದ್ದು ಯಾರನ್ನು ಗೊತ್ತೇ? ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಎದುರು ಬಂದ ಹೆಂಗಸನ್ನು. ಆಗ ನಾನು ಮೂಗು ಮುಚ್ಚಿಕೊಂಡು “ದೂರ ನಡೀಬೇ” ಎಂದು ಗದರಿದ್ದೆ. ಅವಳು ಮನೆಗೆ ಓಡಿಹೋಗಿ ಗಂಡನ ಲುಂಗಿ ತಂದಳು. ಕೊಡುವಾಗ ಮುಖ ಆ ಕಡೆ ತಿರುಗಿಸಿ, “ಸೋಪು ಹಾಕಿ ಒಗೆದದ್ದು ಮಾರಾಯ್ರೇ, ವಾಸನೆ ಬರುದಿಲ್ಲ” ಅಂದಳು.

ಲುಂಗಿ ಒಗೆದು ಒಣಗಿಸಿದ್ದೇನೆ. ವಾಪಸು ಕೊಟ್ಟು ಬರಬೇಕು, ಬೆಳಗಿನಿಂದ ಕಾಲೇ ಏಳುತ್ತಿಲ್ಲ. ಮಂಡಿನೋವಿನಿಂದಲ್ಲ.

ನಿನ್ನ ತಮ್ಮ,
ಶಿವಯೋಗಪ್ಪ