ನಾಲ್ಕು ಬೆರಳು ಇಳಿದ ಸೀಟು

ಧರ್ಮಪುರಿ
೧೪-೧೦-೧೯೩೬

ರಂಗೂನಿನಲ್ಲಿರುವ ನಮ್ಮ ಮನೆಯವರಿಗೆ ಮುನಿರತ್ನಮ್ಮ ಮಾಡುವ ನಮಸ್ಕಾರ.

ಜ್ವರ ಬಿಟ್ಟಿತೇ? ಅಲ್ಲಿಯ ಊಟ ಸೇರುತ್ತಿದೆಯೇ? ಅತ್ತೆಯವರು ಗಟ್ಟಿಯಾಗಿದ್ದಾರೆ. ಸಿಟ್ಟು ಬಂದಾಗ ಕಾಗದ ಬರೆಯಬೇಡ ಎಂದು ನೀವೇ ಹೇಳಿದ್ದಿರಿ. ಇಪ್ಪತ್ತು ದಿನ ತಡೆದೆ, ಸಿಟ್ಟು ಇಳಿಯಲಿಲ್ಲ, ಬರೆಯುತ್ತಿದ್ದೇನೆ.

ಮೆಟ್ಟೂರು ಅಣೆಕಟ್ಟಿನ ಕೆಲಸ ಮುಗಿದಾಗ ಇಂಜಿನಿಯರ್ ದೊರೆಯ ಮೋಟಾರ್ ಸೈಕಲ್ಲನ್ನು ಕೊಂಡು ತಂದಿರಿ. ನಿಮ್ಮ ಹಿಂದೆ ಕೂತು ನಾನು ಹೆರಿಗೆ ಮಾಡಿಸಲು ಹೋಗುತ್ತಿದ್ದೆ, ಎಂಥ ಊರಾದರೂ ಹೊತ್ತಿಗೆ ಮುಟ್ಟುತ್ತಿದ್ದೆವು. ಆಮೇಲೆ ಹಡಗು ಹತ್ತಿದಿರಿ. ಆಡಿ ತಿಂಗಳಿಗೆ ಬರುತ್ತೇನೆ, ಅಲ್ಲಿಯವರೆಗೆ ತಮ್ಮ ಪೆರುಮಾಳ್ ಓಡಿಸಲಿ, ನನ್ನ ಸೀಟು ಮಾತ್ರ ಮುಟ್ಟಬೇಡಿ ಎಂದಿರಿ. ಎರಡು ಆಡಿ ಕಳೆಯಿತು. ನಿಮ್ಮ ತಮ್ಮ ನಿಮ್ಮ ಹೆಗಲಿಗೂ ಬಾರದವನೆಂದು ನಿಮಗೆ ಗೊತ್ತಿರಲಿಲ್ಲವೇ? ಗಾಡಿ ನಿಂತರೆ ಅವನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಸೀಟು ಇಳಿಸೋಣವೆಂದರೆ ಅತ್ತೆ ಬಿಡಲಿಲ್ಲ. "ದೂರ ಓಗಿರೋ ಮಗನ ಸಾಮಾನು ಕುಯ್ದ್ರೆ ಅವನಿಗೇ ಕೇಡು, ಬ್ಯಾಡ" ಎಂದರು. ಹೋದ ಆಯುಧಪೂಜೆಗೆ ಆ ಸೀಟಿಗೆ ಕುಂಕುಮವಿಟ್ಟು ಕೈ ಬೇರೆ ಮುಗಿದರು.

ಕಳೆದ ತಿಂಗಳು ಅದಿಯಮಾನ್‌ಕೋಟೆಯ ರಾಜಾತಿಗೆ ನೋವು ಬಂದಿದೆಯೆಂದು ಕರೆ ಬಂತು. ಕೆರೆ ಏರಿಯ ಮೇಲೆ ದನ ಅಡ್ಡ ಬಂದವು. ಪೆರುಮಾಳ್ ಗಾಡಿ ನಿಲ್ಲಿಸಿ ಕಾಲು ಚಾಚಿದ, ನೆಲ ಸಿಗಲಿಲ್ಲ. ಗಾಡಿ ಅವನ ಮೇಲೇ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಅವನನ್ನು ದನ ಕಾಯುವವರ ಕೈಗೆ ಒಪ್ಪಿಸಿ, ಪೆಟ್ಟಿಗೆ ಹೊತ್ತು ಎರಡು ಮೈಲಿ ಓಡಿದೆ. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸುವುದು ನನಗೆ ಬರುತ್ತದೆ, ಆದರೆ ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ, ಕೂಸು ಉಳಿಯಲಿಲ್ಲ. "ಯಾಕಕ್ಕಾ ಇಷ್ಟೊತ್ತು ಮಾಡ್ದೆ?" ಎಂದಳು ರಾಜಾತಿ. ನಮ್ಮ ಯಜಮಾನರ ಸೀಟು ಎತ್ತರ ಎಂದು ಅವಳಿಗೆ ಹೇಳಲೇ?

ಮರುದಿನವೇ, ಸೇಲಂನ ಮೋಟಾರ್ ಶೆಡ್ಡಿನಲ್ಲಿ ಕೆಲಸ ಕಲಿತ ಮುತ್ತುಸ್ವಾಮಿಯನ್ನು ಕರೆಸಿದೆ. ಅತ್ತೆಯ ಮಾತಿಗೆ ಏನನ್ನೂ ಕೊಯ್ಯಲಿಲ್ಲ. ಸೀಟಿನ ಕೆಳಗಿನ ಎರಡು ಸ್ಪ್ರಿಂಗು ಬಿಚ್ಚಿ, ಸೀಟನ್ನು ನೇರ ಚೌಕಟ್ಟಿಗೇ ಬೋಲ್ಟ್ ಹಾಕಿ ಬಿಗಿದ. ನಾಲ್ಕು ಬೆರಳು ಇಳಿಯಿತು. "ಸ್ಪ್ರಿಂಗ್ ಇಲ್ದೆ ಇಡುಪ್ಪು ಓಗ್ಬಿಡುತ್ತಮ್ಮಾ" ಎಂದ. ಸೊಂಟ ಹೋದರೆ ಹೋಗಲಿ ಎಂದೆ. ಬಿಚ್ಚಿದ ಸ್ಪ್ರಿಂಗುಗಳನ್ನು ಅತ್ತೆ ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದಾರೆ. ಅರ್ಧ ಗಂಟೆಯ ಕೆಲಸ. ಅದಕ್ಕೆ ಎರಡು ವರ್ಷ ನಿಮ್ಮ ದಾರಿ ನೋಡಿದೆವು.

ಮೈ ಜೋಪಾನ. ಅತ್ತೆಯವರ ಆಶೀರ್ವಾದ, ಪೆರುಮಾಳನ ನಮಸ್ಕಾರ.

ಇಂತಿ,
ಮುನಿರತ್ನಮ್ಮ

ಟಪಾಲಿನವನು ಬಾಗಿಲಲ್ಲಿದ್ದಾನೆ, ಆದರೂ ಇದೊಂದು ಬರೆಯುತ್ತೇನೆ. ಪೆರುಮಾಳನ ಕಾಲು ಸಂಕ್ರಾಂತಿಗೆ ಮುಂಚೆ ಕೂಡುವುದಿಲ್ಲ. ಸೀಟು ಇಳಿಸಿದ್ದು ನನ್ನ ಅಳತೆಗೆ. ಅವನು ಜಗಲಿಯಲ್ಲಿ ಕೂತು ಹೇಳಿಕೊಟ್ಟ, ನಾನು ಕಚ್ಚೆ ಕಟ್ಟಿ ಕಲಿತೆ. ನಿನ್ನೆ ಒಬ್ಬಳೇ ಓಡಿಸಿಕೊಂಡು ಹೋಗಿ ಒಂದು ಹೆರಿಗೆಗೆ ಹೊತ್ತಿಗೆ ಮುಟ್ಟಿದೆ. ಕೂಸು ಚೆನ್ನಾಗಿ ಅತ್ತಿತು. ನೀವು ಬಂದ ಮೇಲೆ ಸೀಟು ಏರಿಸಬೇಕೇ ಎಂದು ಅತ್ತೆಯನ್ನು ಕೇಳಿದೆ. "ಯಾಕೆ? ಇಂದ್ಗಡೆ ಕ್ಯಾರಿಯರ್ ಐತಲ್ಲ, ಅವ್ನು ಅದ್ರ ಮ್ಯಾಲೆ ಕುಂತ್ಕಳ್ಲಿ" ಎಂದರು.